ತೌಡು ಕೊಳ್ಳಲು ಬಂದವಳು

ಪೆಟ್ಟಾದಾಗ ಮನುಷ್ಯರಲ್ಲಿ ಎರಡೇ ಜಾತಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುಳ್ಳು ಚುಚ್ಚಿದರೂ ಊರೇ ಓಡಿಬರುವಂತೆ ನರಳುವವರು ಒಂದು ಜಾತಿ, ಕಾಲೇ ಮುರಿದರೂ ‘ಏನಾಗಿಲ್ಲ ಬಿಡಿ’ ಅನ್ನುವವರು ಇನ್ನೊಂದು. ನಾನು ಮೊದಲನೆಯ ಜಾತಿ. ಸೊರಬದ ತಾಲ್ಲೂಕು ಕಚೇರಿಯ ಎದುರು ಕೂತು ಅರ್ಜಿ ಬರೆದುಕೊಡುವುದು ನನ್ನ ಕಸುಬು. ಒಮ್ಮೆ ಅಲ್ಲಿಯ ಮೆಟ್ಟಿಲಲ್ಲಿ ಜಾರಿ ಹದಿನೈದು ದಿನ ಕುಂಟಿದೆ. ಐದನೆಯ ದಿನಕ್ಕೇ ಕಾಲು ಸರಿಯಾಗಿತ್ತು. ಆದರೆ ಹೆಂಡತಿ ಕೂತಲ್ಲಿಗೇ ಕಾಫಿ ತಂದುಕೊಡುತ್ತಿದ್ದಳು, ಯಾರಿಗೆ ಬೇಡ?

ಅಂಜನಾಪುರದ ನನ್ನ ಚಿಕ್ಕಮ್ಮ ಎರಡನೆಯ ಜಾತಿ. ಶಿಕಾರಿಪುರದ ಒಂದು ರೈಸ್‌ಮಿಲ್ಲಿನಲ್ಲಿ ಆರು ವರ್ಷ ಕಸ ಹೊಡೆದು, ಚೀಲ ಹೊಲಿದು, ಕೊನೆಗೆ ಯಂತ್ರದ ಬೆಲ್ಟಿಗೆ ಬಲಗೈಯ ಎರಡು ಬೆರಳು ಕೊಟ್ಟಳು. ಮಿಲ್ಲಿನ ಸಾವ್ಕಾರರೇ ಆಸ್ಪತ್ರೆಗೆ ಸೇರಿಸಿದರು, ಕಣ್ಣೀರೂ ಹಾಕಿದರು. ಪರಿಹಾರ ಕೇಳಿದ ಕೂಡಲೇ ರಾಗ ಬದಲಾಯಿತು. ಈಕೆ ಯಾರೋ ಗೊತ್ತಿಲ್ಲ, ತೌಡು ಕೊಳ್ಳಲು ಬಂದವಳು ಸುಮ್ಮನೆ ಯಂತ್ರಕ್ಕೆ ಕೈ ಹಾಕಿದಳು ಎಂದು ಕೋರ್ಟಿಗೆ ಬರೆದುಕೊಟ್ಟರು. ಮಿಲ್ಲಿನಲ್ಲಿ ಹಾಜರಿ ಪುಸ್ತಕವೇ ಇರಲಿಲ್ಲ. ಜೊತೆಗೆ ದುಡಿದವರು ಕೆಲಸ ಹೋದೀತೆಂದು ಬಾಯಿಗೆ ಬೀಗ ಹಾಕಿಕೊಂಡರು. ಅವಳು ಅಲ್ಲಿ ದುಡಿದಿದ್ದಳೆಂದು ತೋರಿಸದಿದ್ದರೆ ಅವಳಿಗೆ ಏನೂ ಸಿಗುವಂತಿರಲಿಲ್ಲ.

ಅದರ ಮೇಲೆ ಚಿಕ್ಕಮ್ಮನ ಬಾಯಿ ಬೇರೆ. ಯಾರು ಹೇಗಿದ್ದೀಯ ಎಂದರೂ ಆರಾಮ್ ಅನ್ನುವುದು, ಕೇಳಿದವರ ಮನೆಮಂದಿಯನ್ನೆಲ್ಲ ತಿರುಗಿ ವಿಚಾರಿಸುವುದು. ವಿಚಾರಣೆಯ ಹಿಂದಿನ ದಿನವೇ ಬಸ್ಸು ಹತ್ತಿ ಹೋಗಿ ಅವಳಿಗೆ ಪಾಠ ಶುರುಮಾಡಿದೆ.

“ಚಿಕ್ಕಮ್ಮ, ಕೈ ಹೆಂಗಿದೆ?”

“ಆರಾಮೈತಿ ಕಣಪ್ಪ.”

“ಹಂಗನ್ನಬಾರದು ಅಂತ ಈಗಷ್ಟೇ ಹೇಳಲಿಲ್ವಾ?”

“ನೋವು ಅಂದ್ರ ಕೇಳ್ದೋರಿಗೆ ಬ್ಯಾಸರ ಆಗಂಗಿಲ್ಲೇನು?”

ರಾಮಾಯಣವೆಲ್ಲ ಕೇಳಿ ರಾಮನಿಗೂ ಸೀತೆಗೂ ಏನು ಸಂಬಂಧ ಅಂದಂತಾಯಿತು.

ಮರುದಿನ ಕೋರ್ಟಿನಲ್ಲಿ ನ್ಯಾಯಾಧೀಶರು ಮೆತ್ತಗೆ ಕೇಳಿದರು: “ಕೈ ಹೇಗಿದೆಯಮ್ಮಾ?”

“ಆರಾಮೈತ್ರಿ. ನೀವು ಆರಾಮ್ ಅದೀರಾ?”

ಕೋರ್ಟೆಲ್ಲ ನಕ್ಕಿತು. ನಾನು ತಲೆಯ ಮೇಲೆ ಕೈ ಹೊತ್ತುಕೊಂಡೆ. ಎದುರು ಪಕ್ಷದ ವಕೀಲರು ಬೆಲ್ಲ ಸಿಕ್ಕವರಂತೆ ಅದನ್ನು ಬರೆದುಕೊಂಡರು. ಅಷ್ಟರಲ್ಲಿ ಚಿಕ್ಕಮ್ಮನ ಕಣ್ಣು ಪಕ್ಕದಲ್ಲಿ ನಿಂತಿದ್ದ ಸಾವ್ಕಾರರ ಮೇಲೆ ಬಿತ್ತು. ಎಷ್ಟೋ ತಿಂಗಳ ಮೇಲೆ ಕಂಡ ಮುಖ, ವಿಚಾರಿಸದೆ ಬಿಟ್ಟಾಳೆಯೇ?

“ಸಾವ್ಕಾರ್ರೆ, ಅವ್ವಾರ ಮಣಕಾಲು ನೋವು ಕಮ್ಮಿ ಆತೇನ್ರಿ?”

ಸಾವ್ಕಾರರೂ ಇದೇ ಸೀಮೆಯವರು. ಹೆತ್ತ ತಾಯಿಯ ಆರೋಗ್ಯ ಕೇಳಿದವರಿಗೆ ಉತ್ತರ ಕೊಡದೆ ಇರಲು ಅವರಿಗೂ ಬರುವುದಿಲ್ಲ.

“ಎಲ್ಲಿ ಕಮ್ಮಿ ಅಕ್ಕ? ನೀ ಕೆಲ್ಸ ಬಿಟ್ಟ ಮ್ಯಾಲೆ ಎಣ್ಣಿ ತಿಕ್ಕೋರೇ ಇಲ್ಲ ನೋಡು.”

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. “ತೌಡು ಕೊಳ್ಳೋಕೆ ಬಂದವರು ಎಣ್ಣೆಯನ್ನೂ ತಿಕ್ಕಿ ಹೋಗ್ತಿದ್ದರೇನ್ರೀ?” ಎಂದು ಕೇಳಿದರು. ವಕೀಲರು ಕಡತದಲ್ಲಿ ಇಲ್ಲದ ಕಾಗದವೊಂದನ್ನು ಬಹಳ ಹೊತ್ತು ಹುಡುಕಿದರು. ಸಾವ್ಕಾರರ ಮುಖ ಇಂಗು ತಿಂದ ಮಂಗನ ಹಾಗಿತ್ತು. ಮಧ್ಯಾಹ್ನದೊಳಗೆ ಪರಿಹಾರ ಕೊಡಲು ಅವರೇ ಒಪ್ಪಿಕೊಂಡರು.

ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹೋಟೆಲಿಗೆ ಕರೆದೊಯ್ದು ಮಸಾಲೆ ದೋಸೆ ಹೇಳಿ, ನಗುತ್ತಾ ನಗುತ್ತಾ ಎಣ್ಣೆಯ ಮಾತನ್ನು ಮೂರು ಸಲ ಆಡಿ ತೋರಿಸಿದೆ. ಚಿಕ್ಕಮ್ಮ ನಗಲಿಲ್ಲ. ಉಳಿದ ಮೂರು ಬೆರಳಲ್ಲಿ ದೋಸೆ ಮುರಿಯುತ್ತಾ ಹೇಳಿದಳು:

“ಬೆರಳು ಹೋದಾಗ ಇಷ್ಟು ನೋವಾಗಿರ್ಲಿಲ್ಲ ಕಣಪ್ಪ. ಯಾರೋ ಗೊತ್ತಿಲ್ಲ ಅಂತ ಬರೆಸಿದ್ರಲ್ಲ, ನೀ ಓದಿ ಹೇಳಿದ ದಿನದಿಂದ ನಿದ್ದಿ ಬಂದಿರ್ಲಿಲ್ಲ. ಇವತ್ತು ಎಲ್ರ ಮುಂದೆ ಅಕ್ಕ ಅಂದ್ರು.”