ಭಾನುವಾರದ ಅಣ್ಣ

ತೀರಿಹೋದ ಅಣ್ಣನಿಗೆ ಮೀಸೆ ಬರಿಸಬೇಕೋ ಬೇಡವೋ ಎಂಬ ವಿಷಯದಲ್ಲಿ ತಾಯಿಗೂ ಮಗಳಿಗೂ ಒಂದು ವಾರ ಮಾತು ನಿಂತುಹೋಗಿತ್ತು. ಇದು ೧೯೮೫ನೆಯ ಇಸವಿ ಆಗಸ್ಟ್ ತಿಂಗಳ ಸಂಗತಿ. ಮಗಳು ತನ್ನ ಬರಹದಲ್ಲಿ ಮೀಸೆ ಬರಿಸಿದ್ದಳು, ತಾಯಿ ಒಪ್ಪಲಿಲ್ಲ.

“ನಮ್ಮ ಮನೆ ಗಂಡಸರಿಗೆ ಇಪ್ಪತ್ತು ತುಂಬೋವರೆಗೂ ಮೂಗಿನ ಕೆಳಗೆ ಬಟಾಬಯಲು. ನಿನಗೆ ಬೇಕಾದ ಹಾಗೆ ಬೆಳೆಸೋಕೆ ಅದೇನು ಹಿತ್ತಲ ಸೊಪ್ಪೇನೇ? ಹೊಡೆದುಹಾಕು.”

ಮಗಳು ಕಡೆಗೆ ಆ ಸಾಲನ್ನು ಹೊಡೆದುಹಾಕಿದಳು.

ಅವಳನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ಆ ಹೆಸರಿಟ್ಟವನು ಅಣ್ಣನೇ. ೧೯೭೭ನೆಯ ಇಸವಿ ಮೇ ೧೪, ಶನಿವಾರ, ಹನ್ನೊಂದು ವರ್ಷದ ಆ ಹುಡುಗ ಗೆಳೆಯರೊಡನೆ ಕಲ್ಲುಗಣಿಯ ಹೊಂಡಕ್ಕೆ ಈಜಲು ಹೋದವನು ಮರಳಲಿಲ್ಲ. ಗುಬ್ಬಿಗೆ ಆಗ ಒಂಬತ್ತು. ಆ ದಿನದ ಬಗ್ಗೆ ಮನೆಯಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಬಸ್ ಕಂಡಕ್ಟರನಾಗಿದ್ದ ತಂದೆ ಡ್ಯೂಟಿಯಿಂದ ಬಂದು, ಚರ್ಮದ ಚೀಲವನ್ನು ಮೊಳೆಗೆ ತೂಗುಹಾಕಿ, ಗೋಡೆಗೆ ಮುಖಮಾಡಿ ಮಲಗತೊಡಗಿದ. ತಾಯಿ ಪೇಟೆಯ ಟೈಲರ್ ಅಂಗಡಿಯಿಂದ ಹೊಲಿದ ಅಂಗಿಗಳನ್ನು ಮನೆಗೆ ತಂದು, ಅವಕ್ಕೆ ಗುಂಡಿತೂತಿನ ಕಾಜಾ ಹೊಲಿದು ಗುಂಡಿ ಹಚ್ಚುವ ಕೆಲಸ ಹಿಡಿದಳು. ಹಾಗೇಕೆ ಹಿಡಿದಳೆಂದು ಯಾರೂ ಕೇಳಲಿಲ್ಲ.

ಬರವಣಿಗೆ ಶುರುವಾದದ್ದು ನಾಲ್ಕು ವರ್ಷಗಳ ನಂತರ. ಶಾಲೆಯಲ್ಲಿ ‘ನನ್ನ ಒಡಹುಟ್ಟಿದವರು’ ಎಂಬ ಪ್ರಬಂಧ ಕೊಟ್ಟಿದ್ದರು. ಸತ್ತವನ ವಿಷಯ ಬರೆಯಲು ಗುಬ್ಬಿಗೆ ಕೈಬರಲಿಲ್ಲ. ‘ನನ್ನಣ್ಣ ಈಗ ಹತ್ತನೆಯ ತರಗತಿಯಲ್ಲಿದ್ದಾನೆ’ ಎಂದು ಆರಂಭಿಸಿಬಿಟ್ಟಳು. ೧೯೮೧ನೆಯ ಇಸವಿ ಜುಲೈ ೧೯, ಭಾನುವಾರ ಮಧ್ಯಾಹ್ನ, ಒಳಮನೆಯಲ್ಲಿ ಅದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾಗ ತಾಯಿಯ ಸೂಜಿ ನಿಂತಿತು.

“ಇನ್ನೊಂದ್ಸಲ ಓದು” ಎಂದಳು ತಾಯಿ.

ಮುಂದಿನ ಭಾನುವಾರ ತಾನಾಗಿಯೇ ಕೇಳಿದಳು: “ಅವನ ಪರೀಕ್ಷೆ ಏನಾಯ್ತು?”

ಅಂದಿನಿಂದ ಅಣ್ಣ ವಾರಕ್ಕೊಮ್ಮೆ ಬೆಳೆಯತೊಡಗಿದ. ಹತ್ತನೆಯದನ್ನು ಏದುಸಿರು ಬಿಡುತ್ತ ಪಾಸುಮಾಡಿದ. ಅವನನ್ನು ಕಾಲೇಜಿಗೆ ಸೇರಿಸಬೇಕೆಂದು ಗುಬ್ಬಿಯ ಆಸೆ. “ಅವನಿಗೆ ಪುಸ್ತಕ ಒಗ್ಗಲ್ಲ, ಸುಮ್ನೆ ದುಡ್ಡು ದಂಡ. ಯಾವುದಾದ್ರೂ ಕೈಕೆಲಸಕ್ಕೆ ಹಚ್ಚು” ಎಂದು ತಾಯಿ ತೀರ್ಪು ಕೊಟ್ಟಳು. ಹೀಗಾಗಿ ಅವನು ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಕೆಲಸ ಕಲಿತ, ಸೈಕಲ್ ಕೊಂಡ, ಬಾಗಿಲವಾಡಕ್ಕೆ ತಲೆ ತಾಗಿಸಿಕೊಂಡು ಬೈಗುಳ ತಿಂದ. ಓದುವ ಹೊತ್ತಿಗೆ ತಂದೆ ಎದ್ದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದ.

ಗುಬ್ಬಿ ಬಿ.ಕಾಂ. ಮೊದಲನೆಯ ವರ್ಷಕ್ಕೆ ಬರುವಷ್ಟರಲ್ಲಿ ಈ ಭಾನುವಾರಗಳು ಅವಳ ಕೊರಳಿಗೆ ಬಿದ್ದಿದ್ದವು. ಶುಕ್ರವಾರ ಬಂತೆಂದರೆ ಅಣ್ಣನಿಂದ ಏನು ಮಾಡಿಸಲಿ ಎಂಬ ಚಿಂತೆ, ಶನಿವಾರವೆಲ್ಲ ಬರವಣಿಗೆ, ಸೋಮವಾರ ಕಾಲೇಜಿನಲ್ಲಿ ತೂಕಡಿಕೆ. ಸಂಖ್ಯಾಶಾಸ್ತ್ರದ ಮೇಷ್ಟ್ರು ಉತ್ತರಪತ್ರಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಹಿಂದಿರುಗಿಸಿದರು: “ವರ್ಣನೆ ಸೊಗಸಾಗಿದೆಯಮ್ಮ. ಇದರಲ್ಲಿ ಲೆಕ್ಕ ಎಲ್ಲಿದೆ, ಸ್ವಲ್ಪ ತೋರಿಸ್ತೀಯಾ?” ಬಾಯಿ ತೆರೆದರೆ ಸಿಡಿಯುತ್ತಿದ್ದುದರಿಂದ ಪಟಾಕಿ ಎಂದೇ ಹೆಸರಾಗಿದ್ದ ಗೆಳತಿಯೊಬ್ಬಳು ಸಿನಿಮಾಕ್ಕೆ ಕರೆದು ಕರೆದು ಸೋತಿದ್ದಳು. “ಭಾನುವಾರ ಬಂದ್ರೆ ನಿನಗೇನೇ ಗ್ರಹಣ ಹಿಡಿಯುತ್ತಾ?” ಎಂದು ಛೇಡಿಸುತ್ತಿದ್ದಳು.

ಎಡವಟ್ಟಾದದ್ದು ಕಾಲೇಜಿನ ವಾರ್ಷಿಕ ಸಂಚಿಕೆಯಿಂದ. ಗುಬ್ಬಿ ಅಣ್ಣನ ಒಂದು ಭಾಗವನ್ನು ಅದಕ್ಕೆ ಕೊಟ್ಟಿದ್ದಳು. ಸಂಪಾದಕರು ಅದನ್ನು ಕಥೆಗಳ ನಡುವೆ ಇಡದೆ ವ್ಯಕ್ತಿಚಿತ್ರಗಳ ಸಾಲಿಗೆ ಸೇರಿಸಿದರು. ಅಚ್ಚಿನ ಕರಡು ಕೈಗೆ ಬಂದಾಗಲೂ ಅವಳು ತಿದ್ದಲಿಲ್ಲ. ಅಣ್ಣ ಇದ್ದಾನೆಂದು ಮುದ್ರಿತವಾಗಿರುವುದನ್ನು ಕಂಡು ಎದೆ ತುಂಬಿತ್ತು.

೧೯೮೬ನೆಯ ಇಸವಿ ಮಾರ್ಚ್ ೯, ಭಾನುವಾರ, ಸಂಚಿಕೆಯಲ್ಲಿ ಅದನ್ನು ಓದಿದ್ದ ಪಟಾಕಿ, ಜೊತೆಗೂಡಿ ಓದುವ ನೆಪದಲ್ಲಿ ಹೇಳದೆ ಕೇಳದೆ ಮನೆಗೇ ಬಂದಳು.

“ಎಲ್ಲೇ ನಮ್ಮ ಲೇತ್ ಹೀರೋ? ನೋಡ್ಕೊಂಡೇ ಹೋಗೋದು ಅಂತ ಬಂದಿದೀನಿ!”

ಗುಬ್ಬಿ ತಾಯಿಯತ್ತ ತಿರುಗಿದಳು. ತಾಯಿ ಹಲ್ಲಿನಿಂದ ದಾರ ಕಡಿದು, ತಲೆಯೆತ್ತಿ, ಸಹಜವಾಗಿ ಹೇಳಿದಳು: “ಅವನಾ? ಭಾನುವಾರಾನೂ ಓವರ್‌ಟೈಮ್ ಅಂತ ಹೋಗಿದಾನೆ. ಬರೋ ಹೊತ್ತಾಯ್ತು, ಕೂತ್ಕೊಳಮ್ಮ.”

ಟೀ ಬಂತು. ಹುಡುಗಿಯರಿಗೆ ಎರಡು ಲೋಟ, ತನಗೊಂದು. ನಾಲ್ಕನೆಯ ಲೋಟವನ್ನು ತಾಯಿ ಕಿಟಕಿಯ ಕಟ್ಟೆಯ ಮೇಲಿಟ್ಟು ತಟ್ಟೆ ಮುಚ್ಚಿದಳು. “ಅವನು ಆರಿಸ್ಕೊಂಡೇ ಕುಡಿಯೋದು.”

ಗುಬ್ಬಿ ಆ ಲೋಟವನ್ನೇ ನೋಡಿದಳು. ಆರಿದ ಟೀ ಕುಡಿಯುವ ಅಭ್ಯಾಸವನ್ನು ಅಣ್ಣನಿಗೆ ಹಚ್ಚಿದವಳು ಅವಳೇ, ಕಳೆದ ಜನವರಿಯಲ್ಲಿ, ಒಂದು ಪುಟ ತುಂಬಿಸಲೆಂದು. ಬದುಕಿದ್ದ ಅಣ್ಣ ಹಾಲನ್ನು ಸುಡುಸುಡುವಾಗಿಯೇ ಬೇಕೆಂದು ಹಟ ಹಿಡಿಯುತ್ತಿದ್ದ. ತಾಯಿ ಆ ಹುಡುಗನನ್ನು ಮರೆತಿದ್ದಳು.

ಕತ್ತಲಾಗುವ ಮುನ್ನ ಪಟಾಕಿ ಹೊರಟಳು. ಮೆಟ್ಟಿಲ ಮೇಲಿದ್ದ ತಂದೆ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಆ ವಿಷಯದಲ್ಲಿ ಬಾಯಿಬಿಟ್ಟ.

“ಮಗಳೇ, ಬಸ್ಸಲ್ಲಿ ಟಿಕೆಟ್ ಇಲ್ಲದೆ ಕೂತೋರನ್ನ ಇಳಿಸೋದು ನನ್ನ ಕೆಲಸ. ಮನೇಲಿ ಕೂತೋನನ್ನ ಇಳಿಸೋಕೆ ನನ್ನ ಕೈಲಾಗ್ಲಿಲ್ಲ. ನೀನು ಹತ್ತಿಸ್ಕೊಂಡೋಳು, ನೀನೇ ಇಳಿಸು. ಇಲ್ದಿದ್ರೆ ನಿಮ್ಮಮ್ಮ ನಮಗೆ ಉಳಿಯಲ್ಲ.”

ಇಳಿಸುವುದು ಹೇಗೆ? ಕಥೆಯಲ್ಲಿ ಸಾಯಿಸಿದರೆ ತಾಯಿಗೆ ಎರಡನೆಯ ಸಲ ಮಗ ಸಾಯುತ್ತಾನೆ. ಸಾಯಿಸದಿದ್ದರೆ ಕಿಟಕಿಯ ಕಟ್ಟೆಯ ಮೇಲೆ ಲೋಟ ತಪ್ಪುವುದಿಲ್ಲ. ಗುಬ್ಬಿ ಅವನನ್ನು ದೂರದೂರಿನ ಕೆಲಸಕ್ಕೆ ಕಳುಹಿಸಲು ಕೂತಳು. ಅವನೋ ಜಪ್ಪಯ್ಯ ಎಂದರೂ ಹೊರಡಲಿಲ್ಲ. ಒಂದು ಕರಡಿನಲ್ಲಿ ಬಸ್ಸು ತಪ್ಪಿತು. ಇನ್ನೊಂದರಲ್ಲಿ ಅರ್ಧದಾರಿಯಿಂದ ಮರಳಿಬಂದ. ಬರೆಯುತ್ತಿರುವವಳು ತಾನೇ ಆಗಿದ್ದೂ ಅವನ ಕಾಲು ತನ್ನ ಮಾತು ಕೇಳದಿರುವುದು ಅವಳಿಗೆ ಭಯ ಹುಟ್ಟಿಸಿತು. ತರಗತಿಯಲ್ಲಿ ಕೊನೆಯ ಬೆಂಚಿನಿಂದ ಯಾರೋ ‘ಗುಬ್ಬೀ’ ಎಂದಂತಾಗುತ್ತಿತ್ತು. ತಿರುಗಿದರೆ ಬೆಂಚು ಖಾಲಿ.

ಕಡೆಗೆ ತಡೆಯಲಾರದೆ ಪಟಾಕಿಗೆ ನಿಜ ಹೇಳಿದಳು. ಪಟಾಕಿ ಈ ಸಲ ಸಿಡಿಯಲಿಲ್ಲ. “ಆ ಟೀನ ನಾನೇ ಎತ್ಕೊಂಡು ಕುಡಿದುಬಿಡಬೇಕಾಗಿತ್ತು ಕಣೇ” ಎಂದು ಕಣ್ಣೊರೆಸಿಕೊಂಡಳು. ಮರುದಿನದಿಂದ ಕಾಲೇಜಿನ ಲೈಬ್ರರಿಯಲ್ಲಿ ಕೂರಿಸಿಕೊಂಡು ಸಂಖ್ಯಾಶಾಸ್ತ್ರ ಹೇಳಿಕೊಟ್ಟಳು. ಒಂದು ಲೆಕ್ಕ ತಪ್ಪಿದರೆ ತಲೆಗೊಂದು ಮೊಟಕು.

ಪರೀಕ್ಷೆ ಏಪ್ರಿಲ್ ೭, ಸೋಮವಾರ. ಹಿಂದಿನ ದಿನ ಮಧ್ಯಾಹ್ನ ಗುಬ್ಬಿ ಕಡೆಯ ಭಾಗವನ್ನು ಓದಲು ಕುಳಿತಳು. ಅಣ್ಣನಿಗೆ ದೂರದ ಕಾರ್ಖಾನೆಯಲ್ಲಿ ಖಾಯಂ ಕೆಲಸ; ಪೆಟ್ಟಿಗೆ ಕಟ್ಟಿದ್ದಾನೆ; ನೀಲಿ ಅಂಗಿ ತೊಟ್ಟು ಹೊಸಿಲು ದಾಟುತ್ತಾನೆ.

“ನಿಲ್ಲಿಸು” ಎಂದಳು ತಾಯಿ. “ಅಂಗಿಗೆ ಗುಂಡಿ ಇತ್ತಾ?”

“ಇತ್ತಮ್ಮ.”

“ಎಲ್ಲಾನೂ ಇತ್ತಾ? ಮೇಲಿನಿಂದ ಎರಡನೇದು?”

ಗುಬ್ಬಿ ಹಾಳೆಯಿಂದ ಕಣ್ಣೆತ್ತಿದಳು. ತಾಯಿ ಮಡಿಲಲ್ಲಿದ್ದ ಯಾರದೋ ಅಂಗಿಯನ್ನು ನೋಡುತ್ತ ಹೇಳಿದಳು:

“ಅವತ್ತು ಇರಲಿಲ್ಲ. ಅಮ್ಮಾ, ಗುಂಡಿ ಕಿತ್ತೋಗಿದೆ, ಹುಡುಗರು ನಗ್ತಾರೆ, ಹಾಕ್ಕೊಡು ಅಂತ ಕೈಯಲ್ಲಿ ಹಿಡ್ಕೊಂಡು ನಿಂತಿದ್ದ. ಒಲೆ ಮುಂದೆ ಇದ್ದೆ. ಹೋಗೋ, ಬಂದ್ಮೇಲೆ ಹಾಕ್ತೀನಿ ಅಂದೆ. ಊರೋರ ಅಂಗಿಗೆಲ್ಲ ಹಾಕಿದೆ ಕಣೇ. ಅದೊಂದು ಉಳ್ಕೊಂಡಿದೆ. ಅವನು ಬರದೆ ಏನ್ಮಾಡ್ತಾನೆ? ಬಂದ್ಮೇಲೆ ಹಾಕ್ತೀನಿ ಅಂದಿದೀನಲ್ಲ.”

ಹೊರಗೆ ಮೆಟ್ಟಿಲ ಮೇಲೆ ತಂದೆ ಕೆಮ್ಮಿದ. ಕೆಮ್ಮು ನಡುವೆಯೇ ನಿಂತಿತು. ಗುಬ್ಬಿ ಲೇಖನಿ ತೆಗೆದುಕೊಂಡಳು. ಅಣ್ಣನನ್ನು ಹೊಸಿಲ ಮೇಲೆಯೇ ನಿಲ್ಲಿಸಿದಳು. ಬರೆಯುತ್ತ ಬರೆಯುತ್ತ ಓದಿದಳು: ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಸೂಜಿಗೆ ದಾರ ಪೋಣಿಸಿದಳು. ಅವನು ಉಸಿರು ಬಿಗಿಹಿಡಿದು ನಿಂತ.

“ದಾರ ಎರಡೆಳೆ ಮಾಡಿದ್ಳು ಅಂತ ಬರೆ” ಎಂದಳು ತಾಯಿ. ಅವಳ ಬೆರಳುಗಳು ಗಾಳಿಯಲ್ಲಿ ಸೂಜಿ ಆಡಿಸುತ್ತಿದ್ದವು. “ಅಡ್ಡಡ್ಡ ಹಾಕಿ, ಬುಡಕ್ಕೆ ಸುತ್ತಿ, ಗಂಟು ಹಾಕಿದ್ಳು. ಎಳೆದು ನೋಡಿದ್ಳು. ಗಟ್ಟಿಯಾಗಿತ್ತು. ಬರೆದ್ಯಾ?”

“ಬರೆದೆ.”

“ಹಾಗಾದ್ರೆ ಹೋಗಲಿ ಬಿಡು.”

ಆ ಸಂಜೆ ಕಿಟಕಿಯ ಕಟ್ಟೆಯ ಮೇಲೆ ಲೋಟ ಬರಲಿಲ್ಲ. ಮರುದಿನ ಗುಬ್ಬಿ ಪರೀಕ್ಷೆ ಬರೆದಳು; ಜೂನ್ ತಿಂಗಳಲ್ಲಿ ಹೊಸಿಲು ದಾಟುವಷ್ಟು ಅಂಕ ಬಂತು. ಪಟಾಕಿಯೊಡನೆ ಭಾನುವಾರದ ಸಿನಿಮಾಕ್ಕೂ ಹೋದಳು. ತಾಯಿ ಕಾಜಾ ಕೆಲಸವನ್ನು ಕಡಿಮೆ ಮಾಡಿ, ಹಗಲಲ್ಲಿ ಮಲಗುವುದನ್ನು ಕಲಿತಳು. ತಂದೆ ಮೆಟ್ಟಿಲು ಬಿಟ್ಟು ಒಳಗೆ ಬಂದು ಕೂರತೊಡಗಿದ.

ಗುಬ್ಬಿ ಬೇರೆ ಕಥೆಗಳನ್ನು ಬರೆದಳು. ಆದರೆ ಯಾವ ಕಥೆಯಲ್ಲಿ ಯಾರೇ ಬಾಗಿಲಿಗೆ ಬಂದರೂ ಅವರ ತಲೆ ಬಾಗಿಲವಾಡಕ್ಕೆ ತಾಗುತ್ತಿತ್ತು. ಜುಲೈ ೧೩, ಭಾನುವಾರ, ದೀಪ ಹಚ್ಚುವ ಹೊತ್ತಿಗೆ ಬೀದಿಯಲ್ಲಿ ಸೈಕಲ್ ಗಂಟೆ ಕೇಳಿಸಿತು. ಗಂಟೆ ಅವರ ಮನೆಯ ಮುಂದೆಯೇ ನಿಂತಿತು. ಗುಬ್ಬಿ ಎದ್ದು ಚಿಲಕ ತೆಗೆದಳು.

“ಯಾರೇ ಅದು?” ಎಂದು ತಾಯಿ ಒಳಗಿನಿಂದ ಕೇಳಿದಳು.

“ಯಾರೂ ಇಲ್ಲಮ್ಮ” ಎಂದಳು ಗುಬ್ಬಿ. ಬೀದಿ ಬರಿದಾಗಿತ್ತು. ಅವಳು ಬಾಗಿಲನ್ನು ಮುಂದೆ ಮಾಡಿದಳೇ ಹೊರತು, ಚಿಲಕ ಹಾಕಲಿಲ್ಲ.