ತಿರುಮಲನ ಹೆಸರಿಗೆ ಬಂದ ಕವರು

ನಮ್ಮತ್ತೆ ಜಾನಕಮ್ಮನವರು ಒಬ್ಬ ಮಗನನ್ನು ಕಳೆದುಕೊಂಡದ್ದು ಒಂದು ಕವರಿನಿಂದ. ಕಾಯಿಲೆಯಲ್ಲ, ಅಪಘಾತವಲ್ಲ, ಬರೀ ಕವರು. ಹೇಳಿದರೆ ಯಾರೂ ನಂಬುವುದಿಲ್ಲ. ಆಗಲೂ ನಂಬಲಿಲ್ಲ ಬಿಡಿ.

ಅವರು ನಂಜನಗೂಡಿನವರು. ಹದಿನಾಲ್ಕಕ್ಕೇ ಮದುವೆಯಾಗಿ ಮದ್ರಾಸಿನ ಟ್ರಿಪ್ಲಿಕೇನಿಗೆ ಬಂದವರು. ಮಾವ ಇರುವವರೆಗೆ ಮನೆಯಲ್ಲಿ ಕನ್ನಡ ಇತ್ತು. ಅವರು ತೀರಿಕೊಂಡ ಮೇಲೆ ಗಂಡುಮಕ್ಕಳಿಬ್ಬರೂ ತಮ್ಮತಮ್ಮಲ್ಲಿ ತಮಿಳೇ. ಮೊಮ್ಮಕ್ಕಳಂತೂ ಅಜ್ಜಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಟ್ಟು ಓಡುತ್ತಿದ್ದವು. ನಾನು ಹಿರಿಸೊಸೆ ಜಯಲಕ್ಷ್ಮೀ, ಕುಂಭಕೋಣದವಳು. ನಮ್ಮದೂ ಕನ್ನಡವೇ, ಆದರೆ ಮುಕ್ಕಾಲುಪಾಲು ತಮಿಳು. ಬಂದ ಹೊಸದರಲ್ಲಿ ಅತ್ತೆ ಅದನ್ನು ಕೇಳಿ ನಕ್ಕುಬಿಟ್ಟರು. ನನಗೋ ಮೂಗಿನ ತುದಿಯಲ್ಲೇ ಕೋಪ. ಅಂದಿನಿಂದ ಅವರ ಹತ್ತಿರ ಎಷ್ಟು ಬೇಕೋ ಅಷ್ಟೇ ಮಾತು. ಈಗ ಬರೆಯುತ್ತಿರುವ ಕನ್ನಡ ಅವರು ಹೋದಮೇಲೆ ಕಲಿತದ್ದು. ಏನು ಪ್ರಯೋಜನ ಹೇಳಿ?

ಅರವತ್ತಾರನೇ ಇಸವಿಯಲ್ಲಿ ನನ್ನ ಗಂಡ ಪಂಢರಿನಾಥ ಒಂದು ರೇಡಿಯೋ ತಂದರು. ಒಂದು ಸಂಜೆ ಅತ್ತೆ ಅದರ ತಿರುಪು ತಿರುಗಿಸುತ್ತಿದ್ದಾಗ ಎಲ್ಲಿಂದಲೋ ಅಚ್ಚ ಕನ್ನಡ ಕೇಳಿಸಿತು. ದೂರದ ಕಮ್ಯುನಿಸ್ಟ್ ದೇಶವೊಂದರ ಸ್ಟೇಷನ್ನು. ಹೆಣ್ಣುದನಿಯೊಂದು ಟ್ರ್ಯಾಕ್ಟರು, ಉಕ್ಕು, ವಿಶ್ವಶಾಂತಿ ಅಂತ ಓದುತ್ತಿತ್ತು. ಅತ್ತೆಗೆ ಟ್ರ್ಯಾಕ್ಟರೂ ಬೇಡ, ಶಾಂತಿಯೂ ಬೇಡ. “ಎಷ್ಟ್ ಚೆನ್ನಾಗ್ ಮಾತಾಡ್ತಾಳೆ, ನಮ್ಮೂರ್ ಹುಡ್ಗೀನೇ ಇರ್ಬೇಕು” ಎಂದು ದಿನಾ ಕಿವಿಗೊಟ್ಟು ಕೂರತೊಡಗಿದರು.

ಕೇಳುಗರೇ, ಪತ್ರ ಬರೆಯಿರಿ ಎಂದಳು ಅವಳು. ಅತ್ತೆ ಬರೆದೇಬಿಟ್ಟರು. ಸ್ಟಾಂಪು ತರಿಸಿಕೊಟ್ಟವಳು ನಾನೇ. ಕೆಳಗೆ ಹಾಕಿದ್ದು ಮಾತ್ರ ಕಿರಿಮಗ ತಿರುಮಲನ ಹೆಸರು. ನಮ್ಮ ಮನೆಯಲ್ಲಿ ಹಾಗೇ, ಅಂಚೆಯವನು ಬೀದಿಯಲ್ಲಿ ನಿಂತು ಹೆಂಗಸಿನ ಹೆಸರು ಕೂಗಬಾರದು.

ತಿರುಮಲ ಗಿಂಡಿಯ ಕಾರ್ಖಾನೆಯಲ್ಲಿ ಫಿಟ್ಟರ್, ಕೆಂಪು ಬಾವುಟದ ಯೂನಿಯನ್ನು. ನನ್ನ ಗಂಡ ಪ್ಯಾರೀಸ್ ಕಾರ್ನರಿನ ಕಂಪನಿಯಲ್ಲಿ ಹೆಡ್‌ಕ್ಲರ್ಕ್, ಅಪ್ಪಟ ಕಾಂಗ್ರೆಸ್ಸು. ಅರವತ್ತೇಳರ ಚುನಾವಣೆ ಹತ್ತಿರವಾದಂತೆ ಎಲೆ ಮುಂದೆಯೇ ಜಗಳ. ಇವರು, “ನಿಮ್ದೆಲ್ಲಾ ಹೊರದೇಶದ ದುಡ್ಡು” ಅನ್ನುವರು. ಅವನು, “ಅಮೆರಿಕದ ಗೋಧಿ ತಿನ್ನೋರು ನಮ್ಗೆ ಹೇಳ್ತೀರಾ?” ಅನ್ನುವನು. ಹೊರದೇಶದ ದುಡ್ಡಂತೆ! ಇಬ್ಬರ ಅಂಗಿಯ ಕಾಲರೂ ಹರಿದಿತ್ತು.

ಜನವರಿಯಲ್ಲಿ ಒಂದು ದಿನ ಇವರು ರಜದಲ್ಲಿ ಮನೆಯಲ್ಲಿದ್ದಾಗಲೇ ಅಂಚೆಯವನು “ತಿರುಮಲ!” ಎಂದು ಕೂಗಿದ. ಇವರೇ ಕವರು ಈಸಿಕೊಂಡರು. ಹೊರದೇಶದ ಸ್ಟಾಂಪು. ಒಳಗೆ ಒಂದು ಕ್ಯಾಲೆಂಡರು, ಪತ್ರಕ್ಕೆ ವಂದನೆ ಎಂದೊಂದು ಚೀಟಿ. ಸಂಜೆ ತಿರುಮಲ ಒಳಗೆ ಕಾಲಿಟ್ಟದ್ದೇ ತಡ, ಮುಖಕ್ಕೆ ಹಿಡಿದರು.

“ಕ್ಯಾಲೆಂಡರ್ ಜೊತೆ ಎಷ್ಟ್ ಬಂತೋ?”

ತಿರುಮಲ ಕವರು ನೋಡಿದ. ರೇಡಿಯೋ ಪಕ್ಕ ಕೂತಿದ್ದ ಅಮ್ಮನನ್ನು ನೋಡಿದ. ಅವನಿಗೆ ತಿಳಿದುಹೋಯಿತು, ಬೇಕಾದರೆ ಆಣೆ ಮಾಡುತ್ತೇನೆ.

“ನನ್ ಹೆಸ್ರಿಗೆ ಬಂದಿದೆ, ನಂದೇ. ಏನೀಗ?” ಅಂದ.

ಅತ್ತೆ ತುಟಿಪಿಟಿಕ್ಕೆನ್ನಲಿಲ್ಲ. ಬಾಯಿಬಿಟ್ಟರೆ ರೇಡಿಯೋ ಹೋಗುತ್ತದೆಂಬ ಹೆದರಿಕೆ. ಮಾತಿಗೆ ಮಾತು ಬೆಳೆದು ಇವರು ತಮ್ಮನನ್ನು ದೇಶದ್ರೋಹಿ ಎಂದುಬಿಟ್ಟರು. ತಿರುಮಲ ಟ್ರಂಕು ಎತ್ತಿಕೊಂಡು ಹೊರಟ. ವಾರದೊಳಗೆ ಗಿಂಡಿಯ ಕೆಲಸವನ್ನೂ ಬಿಟ್ಟನಂತೆ. ಎಲ್ಲಿಗೆ ಹೋದನೆಂದು ಯೂನಿಯನ್ನಿನವರಿಗೂ ಗೊತ್ತಿರಲಿಲ್ಲ.

ಆಮೇಲೆ ಅತ್ತೆಗೆ ತಡೆಯಲಾಗಲಿಲ್ಲ. “ಪಂಢರೀ, ಆ ಕಾಗ್ದ ಬರ್ದಿದ್ದು ನಾನು ಕಣೋ.”

“ಸುಮ್ನಿರಮ್ಮ. ಅವನ್ನ ಕಾಪಾಡಕ್ಕೆ ನೀನು ಏನ್ ಬೇಕಾದ್ರೂ ಹೇಳ್ತೀಯ.”

“ರಾಯರಾಣೆಗೂ ನಾನೇ.”

“ರಾಯರ ಮೇಲೆ ಸುಳ್ಳಾಣೆ ಬೇರೆ!”

ಇವರು ನಂಬಲಿಲ್ಲ. ಕಾಗದ ಅಮ್ಮನದು ಎಂದಾದರೆ ತಮ್ಮನನ್ನು ಬೈದದ್ದೆಲ್ಲ ವಾಪಸು ತೆಗೆದುಕೊಳ್ಳಬೇಕಲ್ಲ. ನಾನಾದರೂ ಹೇಳಬಹುದಿತ್ತು. ಗಂಡನಿಗೆ ಹೆದರಿ ಸೌಟು ಹಿಡಿದುಕೊಂಡು ಅಡಿಗೆಮನೆಯಲ್ಲೇ ನಿಂತೆ. ಥೂ, ನನ್ನ ಜನ್ಮಕ್ಕಿಷ್ಟು!

ಚುನಾವಣೆ ಮುಗಿಯಿತು. ಗೆದ್ದವರು ಅಣ್ಣನ ಕಡೆಯವರೂ ಅಲ್ಲ, ತಮ್ಮನ ಕಡೆಯವರೂ ಅಲ್ಲ. ಅತ್ತೆ ಆ ಸ್ಟೇಷನ್ನಿಗೆ ಇನ್ನೊಂದು ಕಾಗದ ಬರೆದರು. ಈ ಸಲ ಕೆಳಗೆ ಜಾನಕಮ್ಮ ಎಂದೇ ಹಾಕಿದರು. ಅಂಚೆಯವನು ಬೇಕಾದರೆ ಕೂಗಿಕೊಳ್ಳಲಿ ಎಂದರು. ಕಾರ್ಯಕ್ರಮ ಚೆನ್ನಾಗಿದೆ ಎಂದು ಒಂದು ಸಾಲು. ಉಳಿದದ್ದೆಲ್ಲ ಮಗನಿಗೆ: “ತಿರುಮಲಾ, ತಪ್ಪು ನಂದು. ಅಣ್ಣನಿಗೆ ಹೇಳಿದೀನಿ. ಮನೆಗೆ ಬಾ.” ಇದನ್ನು ಓದಿ ಹೇಳಮ್ಮ, ಎಲ್ಲಿದ್ದರೂ ಅವನ ಕಿವಿಗೆ ಬೀಳುತ್ತದೆ ಎಂದು ಆ ಹುಡುಗಿಯನ್ನು ಬೇಡಿಕೊಂಡಿದ್ದರು. ಎರಡು ತಿಂಗಳು ಒಂದು ಸಂಜೆಯೂ ತಪ್ಪಿಸದೆ ಕಾದರು.

ಕೊನೆಗೂ ಹೆಸರು ಬಂತು. “ಮದ್ರಾಸಿನ ಜಾನಕಮ್ಮನವರು ನಮ್ಮ ಕಾರ್ಯಕ್ರಮಗಳು ಬಹಳ ಚೆನ್ನಾಗಿವೆ ಎಂದು ಬರೆದಿದ್ದಾರೆ. ಅವರಿಗೆ ವಂದನೆಗಳು.” ಅಷ್ಟೇ. ಮುಂದೆ ಉಕ್ಕಿನ ಕಾರ್ಖಾನೆ ಶುರುವಾಯಿತು.

ಅತ್ತೆ ರೇಡಿಯೋ ಆರಿಸಿ ಅಲ್ಲೇ ಕೂತರು.

ಮರುದಿನ ಅದೇ ಹೊತ್ತಿಗೆ ಮತ್ತೆ ಹಾಕಿದರು. ಅಡಿಗೆಮನೆ ಬಾಗಿಲಲ್ಲಿ ನಿಂತು, “ಇನ್ನೂ ಅವ್ಳ ಮಾತು ಯಾಕತ್ತೆ ಕೇಳ್ತೀರಿ?” ಎಂದೆ.

“ಇನ್ನೇನ್ ಮಾಡ್ಲಮ್ಮ?” ಅಂದರು. “ಈ ಮನೇಲಿ ನನ್ ಹತ್ರ ಮಾತಾಡೋಳು ಅವ್ಳೊಬ್ಳೇ.”