ಎರಡನೇ ಕುದಿಯ ಹುರುಳಿ

ಹುರುಳಿ ಕಟ್ಟಿನ ರುಚಿ ಎಲ್ಲಿಂದ ಬರುತ್ತದೆಂದು ತಿಳಿಯುವುದಕ್ಕೆ ನಾನು ತೆತ್ತದ್ದು ಮುಂದಿನ ಎರಡು ಹಲ್ಲು. ಬೆಲೆ ಕಟ್ಟಿದವನು ಬೂಕನಕೆರೆಯ ಒಬ್ಬ ಗಾಡಿಯವನು; ಚೌಕಾಸಿಗೆ ಅವನು ಸಮಯ ಕೊಡಲಿಲ್ಲ. ಒಂದು ಒಳ್ಳೆಯ ವ್ಯಾಪಾರ ಕುದುರಿಸಿಕೊಂಡಿದ್ದೆ, ಅದರ ಹೊಟ್ಟೆಯೊಳಗಿಂದ ಇನ್ನೊಂದನ್ನು ಹಿಂಡಲು ಹೋದೆ. ಅದಕ್ಕೆ ಬಿದ್ದ ದಂಡ ಅದು.

ಅರವತ್ತರ ದಶಕದ ಮಾತು. ಪಾಂಡವಪುರದಲ್ಲಿ, ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆಯ ಬದಿಯಲ್ಲಿ ನನ್ನದೊಂದು ಮುದ್ದೆ ಹೋಟೆಲು. ಕಬ್ಬಿನ ಕಾಲದಲ್ಲಿ ಕೆ.ಆರ್. ಪೇಟೆ ಕಡೆಯವು, ಶ್ರೀರಂಗಪಟ್ಟಣದ ಕಡೆಯವು, ಎಲ್ಲ ಗಾಡಿಗಳ ಸಾಲು ನನ್ನ ಬಾಗಿಲು ದಾಟಿ ನಿಲ್ಲುತ್ತಿತ್ತು. ಕಬ್ಬು ತೂಕವಾಗಲು ಒಂದು ಹಗಲು, ಕೆಲವು ಸಲ ಎರಡು. ಸಾಲು ಮುರಿದವನಿಗೆ ಬಾರುಕೋಲಿನ ಏಟು. ಯಾರದಾದರೂ ತಲೆ ಒಡೆಯದ ದಿನವಿರಲಿಲ್ಲ. ರಕ್ತ ತೊಳೆಯಲು ನೀರು ಕೇಳಿ ನನ್ನಲ್ಲಿಗೇ ಬರುತ್ತಿದ್ದರು. ಹಾಗೆ ಬಂದವರನ್ನು ಉಣ್ಣಿಸದೆ ಕಳಿಸಿದವನಲ್ಲ ನಾನು.

ಎತ್ತಿಗೆಂದು ಅವರು ಹುರುಳಿ ತರುತ್ತಿದ್ದರು, ಆದರೆ ಬೇಯಿಸಲು ಒಲೆಯಿಲ್ಲ. ನಾನು ಒಂದು ಮಾತು ಮುಂದಿಟ್ಟೆ: ಸೌದೆ ನನ್ನದು, ಹಂಡೆ ನನ್ನದು, ಬೆಂದ ಕಾಳು ಪೂರಾ ನಿಮಗೆ, ಬಸಿದ ನೀರು ನನಗೆ. ಮನೆಯಲ್ಲಿ ಹೆಂಗಸರು ಮಾಡುವುದೂ ಅದನ್ನೇ, ಕಾಳು ಎತ್ತಿಗೆ, ಕಟ್ಟು ಸಾರಿಗೆ. ದಾರಿಯಲ್ಲಿರುವವನು ಕಟ್ಟು ಇಟ್ಟುಕೊಂಡು ಏನು ಮಾಡಿಯಾನು? ಒಪ್ಪಿದರು.

ಆ ಕಟ್ಟನ್ನು ಅರ್ಧಕ್ಕೆ ಇಳಿಸಿ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಖಾರ ಅರೆದು ಬಿಟ್ಟರೆ ನಾಲಿಗೆಯ ಬುಡದಲ್ಲಿ ಏನೋ ಒಂದು ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ಅದು ಉಪ್ಪೂ ಅಲ್ಲ, ಹುಳಿಯೂ ಅಲ್ಲ. ಮೂಳೆ ಸಾರಿನಲ್ಲಿ, ಒಣಮೀನಿನಲ್ಲಿ, ಅಣಬೆಯಲ್ಲಿ ಸಿಗುವಂಥದ್ದು. ಒಂದು ಸೋಮವಾರ ನಾಗಮಂಗಲದ ಕಡೆಯವನೊಬ್ಬ ಎರಡು ತುತ್ತು ನುಂಗಿ, ಎದ್ದು ಬಂದು ನನ್ನ ಕೊರಳಪಟ್ಟಿ ಹಿಡಿದ.

“ಸೋಮಾರ ಕಣ್ಲಾ ಇವತ್ತು. ಮೂಳೆ ಆಕಿದ್ದೀಯಲ್ಲೋ ಬಡ್ಡಿಮಗನೆ.”

“ಪಾತ್ರೆ ಅಲ್ಲೈತೆ, ಸೌಟಾಕಿ ತಿರುವು. ಮೂಳೆ ಸಿಕ್ಕುದ್ರೆ ನನ್ ಮೂಳೆ ಮುರ್ದಾಕು.”

ತಳದವರೆಗೂ ತಿರುವಿದ. ಏನೂ ಸಿಗಲಿಲ್ಲ. ಕೂತು ಇನ್ನೊಂದು ಮುದ್ದೆ ಕೇಳಿದ.

ಅಲ್ಲಿಗೇ ನಿಲ್ಲಬೇಕಿತ್ತು. ಗಿರಾಕಿ ಹೆಚ್ಚಾಗಿ ಕಟ್ಟು ಸಾಲದಾಯಿತು. ಬಸಿದ ಕಾಳಿಗೆ ಮತ್ತೆ ನೀರು ಹುಯ್ದು, ಇನ್ನೊಮ್ಮೆ ಕುದಿಸಿ ಎರಡನೇ ಕಟ್ಟು ತೆಗೆದೆ. ಕಾಳು ಕಾಳಾಗಿ ವಾಪಸು ಹೋಗುತ್ತಿದೆಯಲ್ಲ, ಮೋಸವೇನು ಬಂತು ಎಂದುಕೊಂಡೆ.

ಬೂಕನಕೆರೆಯವನಿಗೆ ಇದ್ದದ್ದು ಒಂದೇ ಜೋಡಿ ಎತ್ತು. ಅವು ನಿಂತರೆ ಅವನ ಮನೆಯ ಒಲೆಯೂ ನಿಂತಂತೆ. ಅವೆರಡರಲ್ಲೊಂದು ನಾನು ಬೇಯಿಸಿಕೊಟ್ಟ ಹುರುಳಿಗೆ ಮೂತಿಯಿಟ್ಟು ಹಿಂದಕ್ಕೆಳೆದುಕೊಂಡಿತು. ಸೊಕ್ಕು ಎಂದು ಅವನು ಬಾರಿಸಿದ. ಬೆನ್ನ ಮೇಲೆ ಬರೆ ಎದ್ದವು. ನಾನು ಬಾಗಿಲಲ್ಲಿ ನಿಂತು ನೋಡಿದೆ, ಮತ್ತೆ ಒಳಗೆ ಹೋಗಿ ಸೌಟು ಹಿಡಿದೆ. ಅವನು ಬಂದಾಗಲೆಲ್ಲ ಹೀಗೇ ಆಯಿತು: ಎತ್ತು ಮೂತಿ ತಿರುಗಿಸುವುದು, ಅವನು ಹೊಡೆಯುವುದು.

ಒಂದು ಮಧ್ಯಾಹ್ನ ನನ್ನ ಹೋಟೆಲಿನ ಮುಂದಿನ ಏರಿನಲ್ಲಿ, ಕಬ್ಬಿನ ಭಾರಕ್ಕೆ ಆ ಎತ್ತು ಮಂಡಿಯೂರಿ ಬಿತ್ತು. ಬಾರುಕೋಲು ಮುರಿಯುವವರೆಗೂ ಹೊಡೆದ. ಮೂಗುದಾರದ ಬಳಿ ರಕ್ತ ಒಸರಿತು, ಎತ್ತು ಏಳಲಿಲ್ಲ. ಆಗ ಅವನು ಬುಟ್ಟಿಯಲ್ಲಿ ಉಳಿದಿದ್ದ ಹುರುಳಿಯನ್ನು ತಾನೇ ಬಾಯಿಗೆ ಹಾಕಿಕೊಂಡ. ಅಗಿದು ಉಗಿದ. ನೊಗದ ಗೂಟ ಕಿತ್ತು ಸೀದಾ ಒಳಗೆ ಬಂದ.

“ಎಷ್ಟು ಕಿತ ಬೇಯ್ಸಿದ್ದೀಯಾ?”

“ಒಂದೇ ಕಿತ ಕಣಣ್ಣ.”

ಗೂಟ ಬಾಯಿಗೆ ಬಿತ್ತು.

“ಎಷ್ಟು ಕಿತ?”

ಎರಡು ಬೆರಳು ತೋರಿಸಿದೆ. ಮಾತಾಡುವ ಬಾಯಿ ಉಳಿದಿರಲಿಲ್ಲ. ಅವನು ನನ್ನನ್ನು ಕೆಡವಿ, ಎದೆಯ ಮೇಲೆ ಕೂತು, ಬಾಯಿಗೆ ಹಿಡಿಹಿಡಿ ಕಾಳು ತುರುಕಿದ.

“ಅಗಿ ಕಣ್ಲಾ. ಮೂಕ ಜೀವದ ಕೂಳು ಕದ್ದು ಜನುಕ್ಕೆ ಬಡಿಸ್ದಲ್ಲೋ. ನಿನ್ ಮಾತು ನಂಬ್ಕಂಡು ಅದುನ್ನ ವಡ್ದೆ ನಾನು. ಅದುನ್ನ ವಡ್ದೆ.”

ಅಗಿದೆ. ನೆನೆದ ಹೊಟ್ಟು. ರಕ್ತ ಬೆರೆತ ಮೇಲಷ್ಟೇ ಅದಕ್ಕೊಂದು ರುಚಿ ಬಂತು, ಆ ರುಚಿ ನನ್ನ ಸಾರಿಗೆ ಹತ್ತಿರವಿತ್ತು. ಅಷ್ಟು ದಿನ ನಾನು ಮಾರಿದ್ದು ಏನೆಂದು ಗೊತ್ತಾದದ್ದು ಆಗ. ಕಾಳಿನ ಕಸುವು ನೀರಿಗಿಳಿದರೆ ನಾಲಿಗೆ ಅದನ್ನು ಗುರುತು ಹಿಡಿಯುತ್ತದೆ. ಎತ್ತಿನ ನಾಲಿಗೆ ನನಗಿಂತ ಮೊದಲೇ ಹಿಡಿದಿತ್ತು. ಜಪಾನಿನವರು ಆ ರುಚಿಗೆ ಉಮಾಮಿ ಎನ್ನುತ್ತಾರೆಂದು ಈಚೆಗೆ ಪತ್ರಿಕೆಯಲ್ಲಿ ಓದಿದೆ.

ಖಾರ ಬೀಳದೆ ಆರಿದ್ದ ಕಟ್ಟನ್ನು ಹಂಡೆ ಸಮೇತ ಎತ್ತಿಕೊಂಡು ಹೋಗಿ ಅವನು ಎತ್ತಿನ ಮುಂದಿಟ್ಟ. ಬಿದ್ದಲ್ಲಿಂದಲೇ ಅದು ತಳ ಕಾಣುವವರೆಗೆ ಹೀರಿತು. ಬಹಳ ಹೊತ್ತಿನ ಮೇಲೆ ಕಾಲು ನಡುಗಿಸುತ್ತ ಎದ್ದು ನಿಂತಿತು. ಅವನು ಅದರ ಬರೆಗಳ ಮೇಲೆ ಕೈಯಾಡಿಸುತ್ತ ಅಳುತ್ತಿದ್ದ. ಆ ದಿನ ನನ್ನ ಹೋಟೆಲಿನಲ್ಲಿ ಸಾರಿರಲಿಲ್ಲ.

ನಿಮಗೆ ಹೇಳುವುದಿಷ್ಟು. ಹುರುಳಿಯನ್ನು ಒಂದೇ ಸಲ ಬೇಯಿಸಿ ಬಸಿಯಿರಿ. ಕಟ್ಟು ಕುದಿದು ಅರ್ಧಕ್ಕೆ ಇಳಿದ ಮೇಲೆ ಉಪ್ಪು ಹಾಕಿ, ಮೊದಲೇ ಹಾಕಿದರೆ ಕಡುಪ್ಪಾಗುತ್ತದೆ. ಸಾಲದೆ ಬಂದರೆ ಹೊಸ ಕಾಳು ಬೇಯಿಸಿ, ಇಲ್ಲವೆ ಎರಡು ಹಣ್ಣು ಟೊಮೇಟೊ ಸುಟ್ಟು ಕಿವುಚಿ ಬಿಡಿ. ಬಸಿದ ಕಾಳನ್ನು ಯಾರ ಮುಂದಿಟ್ಟರೂ ಮೊದಲು ಒಂದು ಹಿಡಿ ನೀವೇ ಅಗಿದು ನೋಡಿ. ಅದೂ ಹಲ್ಲಿರುವಾಗಲೇ.